ಗಣಿತತಂತ್ರಾಂಶಗಳಿಗೆ ಪೂರಕ ಪ್ಯಾಕೇಜುಗಳನ್ನು ಅಳವಡಿಸುವ ಕ್ಲೇಶ : ಒಂದು ಐತಿಹಾಸಿಕ ವಿಚಾರ

೧

ಯಾರು ಬೇಕಾದರೂ ಓದಿ, ತಿದ್ದಿ, ಇತರರಿಗೆ ಹಂಚಬಹುದಾದ ಮೂಲಪಾಠವುಳ್ಳ ತಂತ್ರಾಂಶಗಳಿಗೆ ಮುಕ್ತತಂತ್ರಾಂಶಗಳೆಂದು ಹೆಸರು. ಇವುಗಳಲ್ಲಿ ಗಣಿತವ್ಯವಹಾರಕ್ಕಾಗಿ ರಚಿತವಾದುವು ಮ್ಯಾಕ್ಸಿಮಾ, ಗ್ಯಾಪ್, ಆಕ್ಟೇವ್, ಆರ್, ಸೇಜ್ ಮೊದಲಾದುವು. ಇಂತಹ ಪ್ರತಿಯೊಂದು ತಂತ್ರಾಂಶಕ್ಕೂ ಎರಡು ಅಂಗಗಳುಂಟು. ಒಂದು, ಎಲ್ಲರಿಗೂ ಸಮಾನವಾದ ಮೂಲಭಾಗ. ಇನ್ನೊಂದು, ಅದರ ಸಾಮರ್ಥ್ಯವನ್ನು ವಿಶೇಷವಿಷಯಗಳಿಗೆ ವಿಸ್ತರಿಸುವುದಕ್ಕಾಗಿ ಬೇರೆಬೇರೆ ವಿದ್ವಾಂಸರು ಬರೆದುಕೊಟ್ಟ ಪೂರಕಭಾಗ. ಈ ಪೂರಕಭಾಗಗಳನ್ನೇ ಬಳಕೆಯಲ್ಲಿ ಪ್ಯಾಕೇಜುಗಳೆನ್ನುತ್ತಾರೆ. ಸೂತ್ರಗ್ರಂಥಕ್ಕೆ ವಾರ್ತಿಕವು ಹೇಗೋ ಮೂಲತಂತ್ರಾಂಶಕ್ಕೆ ಪ್ಯಾಕೇಜು ಹಾಗೆ: ಉಕ್ತವಾದುದನ್ನು ಪುಷ್ಟಿಗೊಳಿಸುವುದು, ಅನುಕ್ತವನ್ನು ಸೇರಿಸುವುದು, ದುರುಕ್ತವನ್ನು ತಿದ್ದುವುದು ಎಂಬ ಮೂರೂ ಕಾರ್ಯಗಳು ಅದಕ್ಕುಂಟು.

ಪ್ಯಾಕೇಜನ್ನು ಅಳವಡಿಸುವುದು ಒಂದು ಸಾಲಿನ ಆಜ್ಞೆಯಿಂದ ಆಗತಕ್ಕ ಕೆಲಸವೆಂದು ಕೈಪಿಡಿಗಳು ಹೇಳುತ್ತವೆ. ಬಳಸುವವರ ಅನುಭವವು ಬಹುವೇಳೆ ಬೇರೆಯಾಗಿರುತ್ತದೆ. ಆಜ್ಞೆಯನ್ನು ಕೊಟ್ಟ ಒಡನೆಯೇ ತೆರೆಯ ಮೇಲೆ ನೂರಾರು ಸಾಲುಗಳು ಹರಿದುಹೋಗಿ, ಕಟ್ಟಕಡೆಗೆ ಕಾರ್ಯವು ವಿಫಲವಾಯಿತೆಂಬ ಒಂದು ವಾಕ್ಯ ನಿಲ್ಲುತ್ತದೆ. ಗಣಿತದ ಒಂದು ಪ್ರಶ್ನೆಯನ್ನು ಬಿಡಿಸಲು ಕುಳಿತ ವಿದ್ಯಾರ್ಥಿಯು ಗಣಿತಕ್ಕೆ ಸಂಬಂಧವಿಲ್ಲದ ವಿಷಯಗಳಲ್ಲಿ ದಿನವನ್ನು ಕಳೆದು, ಅನೇಕವೇಳೆ ಆ ಸಾಧನವನ್ನೇ ತ್ಯಜಿಸುತ್ತಾನೆ.

ಈ ಕ್ಲೇಶಕ್ಕೆ ಕಾರಣವೇನೆಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಬಳಸುವವನ ಅಜ್ಞಾನವೇ ಕಾರಣವೆಂಬುದು ಒಂದು. ಒಡೆಯನಿಲ್ಲದ ವಸ್ತುವಿಗೆ ಹೊಣೆಗಾರರಿಲ್ಲದಿರುವುದೇ ಕಾರಣವೆಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುವೇ ಎಂಬುದೇ ಇಲ್ಲಿಯ ವಿಚಾರ್ಯವಿಷಯ.

೨

ಕ್ಲೇಶದ ಚರಿತ್ರೆಯನ್ನು ಅದು ಇಲ್ಲದಿದ್ದ ಕಾಲದಿಂದ ಆರಂಭಿಸುವುದು ಉಚಿತ. ಅಕ್ಷರಗಳಿಂದ ಕೂಡಿದ ಬೀಜಗಣಿತವನ್ನು ಯಂತ್ರದಿಂದ ಮಾಡಿಸುವ ಮಹತ್ತ್ವದ ಪ್ರಯತ್ನಗಳಲ್ಲೊಂದಾದ ಮ್ಯಾಕ್ಸಿಮಾ ಎಂಬುದರ ಪೂರ್ವರೂಪವು ಮ್ಯಾಕ್‌ಸಿಮಾ ಎಂಬ ಹೆಸರಿನಿಂದ ೧೯೬೮ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಆರಂಭವಾಯಿತು. ಕಾರ್ಲ್ ಎಂಗಲ್‌ಮನ್, ವಿಲಿಯಂ ಮಾರ್ಟಿನ್, ಜೋಯೆಲ್ ಮೋಸಸ್ ಎಂಬ ಮೂವರು ಇದರ ಮೂಲಪುರುಷರು. ಇದು ಆ ಸಂಸ್ಥೆಯ ಒಂದು ದೊಡ್ಡ ಯಂತ್ರದಲ್ಲಿ ನೆಲೆಸಿದ್ದಿತು. ದೂರದೂರದ ಸಂಶೋಧಕರು ಆಗಿನ ಅರ್ಪಾನೆಟ್ ಜಾಲದ ಮೂಲಕ ಆ ಯಂತ್ರವನ್ನೇ ಸೇರಿ ತಮ್ಮ ಲೆಕ್ಕಗಳನ್ನು ಮಾಡಿಕೊಳ್ಳುತ್ತಿದ್ದರು. ಬಳಸುವವರೇ ಬರೆದು ಇತರರಿಗಾಗಿ ಬಿಟ್ಟ ಪೂರಕರಚನೆಗಳನ್ನು ಇಡುವುದಕ್ಕೆ ಅಲ್ಲಿ 'ಷೇರ್' ಎಂಬ ಒಂದು ಭಂಡಾರವಿದ್ದಿತು. ಅದೇ ಹೆಸರಿನ ಭಂಡಾರವು ಇಂದಿನ ಮ್ಯಾಕ್ಸಿಮಾದಲ್ಲಿಯೂ ಉಳಿದು ಬಂದಿದೆ.

ಆ ಭಂಡಾರದಿಂದ ಒಂದು ರಚನೆಯನ್ನು ತೆಗೆದು ಬಳಸುವುದರಲ್ಲಿ ಇಂದಿನಂತಹ ಸ್ಥಾಪನಕ್ಲೇಶಕ್ಕೆ ಎಡೆಯಿರಲಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಬರೆದವನೂ ಬಳಸುವವನೂ ಒಂದೇ ಯಂತ್ರದ ಆಶ್ರಿತರು; ಒಬ್ಬನಿಗೆ ಇದ್ದ ಸಾಮಗ್ರಿಯೇ ಇನ್ನೊಬ್ಬನಿಗೂ ಇದ್ದಿತು. ಒಂದೇ ಗುರುಕುಲದಲ್ಲಿ ಓದಿದ ಇಬ್ಬರ ನಡುವೆ ಎಷ್ಟೋ ಮಾತುಗಳನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಅದೇ ಮಾತು ಬೇರೆ ದೇಶದ ಬೇರೆ ಶಾಖೆಯವನ ಕಿವಿಗೆ ಬಿದ್ದಾಗಲೇ ವ್ಯಾಖ್ಯಾನದ ಅವಶ್ಯಕತೆ ಹುಟ್ಟುವುದು. ಗಣಿತತಂತ್ರಾಂಶಗಳೂ ಒಂದು ಯಂತ್ರವನ್ನು ಬಿಟ್ಟು ಸಾವಿರ ಯಂತ್ರಗಳಿಗೆ ಹರಡಿದಾಗಲೇ ಈ ಅವಶ್ಯಕತೆಯು ಹುಟ್ಟಿತು.

ಈ ಹರಡುವಿಕೆಯು ಮುಖ್ಯವಾಗಿ ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ನಡೆಯಿತು. ಜರ್ಮನಿಯ ಆಖೆನ್ ನಗರದಲ್ಲಿ ಯೋಆಖಿಮ್ ನಾಯ್‌ಬ್ಯೂಸರ್ ಅವರ ನೇತೃತ್ವದಲ್ಲಿ ೧೯೮೬ರಲ್ಲಿ ಗ್ಯಾಪ್ ಆರಂಭವಾಯಿತು. ಸಮುದಾಯಸಿದ್ಧಾಂತವೆಂಬ ಬೀಜಗಣಿತಶಾಖೆಯು ಇದರ ಮುಖ್ಯಕ್ಷೇತ್ರ. ನಾಯ್‌ಬ್ಯೂಸರ್ ಅವರು ನಿವೃತ್ತರಾದಾಗ, ೧೯೯೭ರಲ್ಲಿ, ಇದರ ಕೇಂದ್ರವು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿಗೆ ಹೋಯಿತು. ರಾಸಾಯನಿಕ ಕ್ರಿಯಾಪಾತ್ರಗಳ ವಿಷಯದ ಒಂದು ಪಠ್ಯಪುಸ್ತಕಕ್ಕೆ ಸಹಾಯಕವಾಗಿ ೧೯೮೮ರ ಸುಮಾರಿಗೆ ಕಲ್ಪಿತವಾದ ಆಕ್ಟೇವ್ ಎಂಬುದನ್ನು ಜಾನ್ ಈಟನ್ ಎಂಬವರು ೧೯೯೨ರಿಂದ ಪೂರ್ಣವಾಗಿ ಕೈಗೊಂಡು, ೧೯೯೪ರಲ್ಲಿ ಅದರ ಮೊದಲನೆಯ ಪೂರ್ಣ ಆವೃತ್ತಿಯನ್ನು ಹೊರಡಿಸಿದರು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ರಚಿಸಿದ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವು ೧೯೯೫ರಲ್ಲಿ ಮುಕ್ತವಾಯಿತು. ಅದರ ಪ್ಯಾಕೇಜುಗಳಿಗಾಗಿ ವಿಯೆನ್ನಾದಲ್ಲಿ ಕ್ರಾನ್ ಎಂಬ ಭಂಡಾರವು ೧೯೯೭ರ ಏಪ್ರಿಲಿನಲ್ಲಿ ಹನ್ನೆರಡು ಪ್ಯಾಕೇಜುಗಳೊಡನೆ ಪ್ರಕಟವಾಯಿತು. ಇಂದು ಅಲ್ಲಿರುವುವು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಹನ್ನೆರಡು ಇಪ್ಪತ್ತು ಸಾವಿರವಾದ ಈ ವೃದ್ಧಿಯಲ್ಲಿಯೇ ಕ್ಲೇಶದ ಬೀಜವೂ ಅಡಗಿದೆ.

೩

ಅಳವಡಿಕೆಯು ತಪ್ಪುವ ಪ್ರಸಂಗಗಳು ಮೇಲುನೋಟಕ್ಕೆ ಅಸಂಖ್ಯಾತವಾಗಿ ತೋರಿದರೂ, ವಿಂಗಡಿಸಿ ನೋಡಿದಲ್ಲಿ ಅವುಗಳಲ್ಲಿ ಬಹುಭಾಗವು ಮೂರು ವರ್ಗಗಳಲ್ಲಿ ಅಡಗುತ್ತದೆ. ಆ ಮೂರು ವರ್ಗಗಳು ಶಾಬ್ದಬೋಧಪ್ರಕರಣವನ್ನು ಓದಿದವರಿಗೆ ಹೊಸವಲ್ಲ. ಪದಗಳ ಸಮೂಹವು ವಾಕ್ಯವಾಗಿ ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂಬುದು ನೈಯಾಯಿಕರ ಮತ. ಹಸು, ಕುದುರೆ, ಆನೆ ಎಂದು ಪದಗಳನ್ನು ಸುಮ್ಮನೆ ಹೇಳಿದರೆ ಒಂದು ಇನ್ನೊಂದನ್ನು ಬಯಸುವುದಿಲ್ಲವಾದ್ದರಿಂದ ವಾಕ್ಯವಾಗದು, ಇಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ಗಿಡವನ್ನು ನೆನೆಸಿದನೆಂದರೆ ಪದಗಳು ಪರಸ್ಪರ ಬಯಸಿದರೂ ಹೊಂದುವುದಿಲ್ಲ, ಇಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಬೆಳಿಗ್ಗೆಯೂ ಇನ್ನೊಂದನ್ನು ಸಂಜೆಯೂ ಉಚ್ಚರಿಸಿದರೆ ಬಯಕೆಯೂ ಹೊಂದಿಕೆಯೂ ಇದ್ದರೂ ಬೋಧವಾಗದು, ಇಲ್ಲಿ ಸನ್ನಿಧಿಯಿಲ್ಲ.

ಪ್ಯಾಕೇಜು ಒಂದು ಪದ. ಗಣಕಯಂತ್ರದಲ್ಲಿ ಆಗತಕ್ಕ ಗಣಿತಕಾರ್ಯವು ವಾಕ್ಯಾರ್ಥ. ಪ್ಯಾಕೇಜು ತನ್ನ ಕಾರ್ಯಕ್ಕಾಗಿ ಬಯಸುವ ಇತರ ಸಾಮಗ್ರಿಗಳು ಅದರ ಆಕಾಂಕ್ಷೆ. ಆ ಸಾಮಗ್ರಿಗಳು ತಕ್ಕ ಆವೃತ್ತಿಯವಾಗಿರುವುದು ಯೋಗ್ಯತೆ. ಅವು ಹುಡುಕಿದ ಕಡೆಯಲ್ಲಿ, ಹುಡುಕಿದ ಕಾಲದಲ್ಲಿ ದೊರೆಯುವುದು ಸನ್ನಿಧಿ. ಈ ಮೂರರಲ್ಲಿ ಯಾವುದು ತಪ್ಪಿದರೂ ಅಳವಡಿಕೆ ಕೆಡುತ್ತದೆ. ಒಂದೊಂದಕ್ಕೂ ಉದಾಹರಣೆಗಳನ್ನು ಕ್ರಮವಾಗಿ ಪರಿಶೀಲಿಸಬಹುದು.

೪

ಆಕಾಂಕ್ಷೆಗೆ ಉದಾಹರಣೆಯಾಗಿ ಆಕ್ಟೇವಿನ 'ಸಿಗ್ನಲ್' ಎಂಬ ಪ್ಯಾಕೇಜನ್ನು ತೆಗೆದುಕೊಳ್ಳಬಹುದು. ಇದು ಧ್ವನಿ ಮೊದಲಾದ ಸಂಕೇತಗಳನ್ನು ಸೋಸುವ ಗಣಿತಕ್ಕೆ ಸಂಬಂಧಿಸಿದುದು. ಇದನ್ನು ಅಳವಡಿಸಹೊರಟವನಿಗೆ ಮೊದಲು 'ಕಂಟ್ರೋಲ್' ಎಂಬ ಇನ್ನೊಂದು ಪ್ಯಾಕೇಜು ಬೇಕೆಂದು ತಿಳಿಯುತ್ತದೆ. ಆ ಕಂಟ್ರೋಲ್ ಪ್ಯಾಕೇಜಿನ ಒಡಲಲ್ಲಿ ಸ್ಲಿಕಾಟ್ ಎಂಬ ಗಣನಭಂಡಾರವಿದೆ; ಅದು ಫೋರ್ಟ್ರಾನ್ ಎಂಬ ಹಳೆಯ ಗಣಕಭಾಷೆಯಲ್ಲಿ ಬರೆಯಲ್ಪಟ್ಟುದು. ಆದುದರಿಂದ ಆ ಭಾಷೆಯ ಪಾಠವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಬೇಕು. ಕಂಪೈಲರಿದ್ದರೂ ಸಾಲದು; ಹಾಗೆ ತಿರುಗಿಸಿದುದನ್ನು ಆಕ್ಟೇವಿಗೆ ಹೊಂದಿಸುವ ಎಂ.ಕೆ.ಆಕ್ಟ್‌ಫೈಲ್ ಎಂಬ ಉಪಕರಣವೂ ಬೇಕು. ಡೆಬಿಯನ್ ಮೊದಲಾದ ವಿತರಣೆಗಳಲ್ಲಿ ಈ ಉಪಕರಣವು ಆಕ್ಟೇವಿನ ಜೊತೆಗೆ ಬಾರದೆ, ತಂತ್ರಾಂಶವನ್ನು ಬೆಳೆಸುವವರಿಗೆಂದು ಮೀಸಲಾದ ಬೇರೊಂದು ಕಟ್ಟಿನಲ್ಲಿರುತ್ತದೆ. ಹೀಗೆ ಧ್ವನಿಯನ್ನು ಸೋಸಬೇಕೆಂದು ಹೊರಟವನು ನಾಲ್ಕು ಮೆಟ್ಟಿಲುಗಳನ್ನು ಇಳಿದು ಫೋರ್ಟ್ರಾನಿನ ಬಾಗಿಲಲ್ಲಿ ನಿಲ್ಲುತ್ತಾನೆ. ಆಕ್ಟೇವಿನ ಅಳವಡಿಕೆಯ ಆಜ್ಞೆಯು ಇಂತಹ ಪ್ಯಾಕೇಜು ಇಲ್ಲವೆಂದು ಹೆಸರನ್ನು ಮಾತ್ರ ಹೇಳಿ, ಅದನ್ನು ತಾನಾಗಿ ತಂದುಕೊಡದೆ ಇದ್ದುದು ಬಹುಕಾಲದ ಸ್ಥಿತಿ.

ಆರ್ ತಂತ್ರಾಂಶವು ಈ ವಿಷಯದಲ್ಲಿ ಮುಂದುವರಿದುದು. ಅದರ ಪ್ರತಿಯೊಂದು ಪ್ಯಾಕೇಜಿಗೂ 'ಡಿಸ್ಕ್ರಿಪ್ಷನ್' ಎಂಬ ಒಂದು ವಿವರಣಪತ್ರವಿದ್ದು, ಯಾವ ಯಾವ ಪ್ಯಾಕೇಜುಗಳು ಅವಶ್ಯ, ಯಾವುವು ಇದ್ದರೆ ಮೇಲು ಎಂಬುದನ್ನು ನಿಯತವಾದ ರೀತಿಯಲ್ಲಿ ಅದರಲ್ಲಿ ನಮೂದಿಸಬೇಕು. ಅವಶ್ಯವಾದುವನ್ನು ಆಜ್ಞೆಯು ಕ್ರಾನ್ ಭಂಡಾರದಿಂದ ತಾನೇ ತರುತ್ತದೆ. ಆದರೆ ಆರ್ ಪ್ರಪಂಚದ ಹೊರಗಿನ ಸಾಮಗ್ರಿಗಳು, ಎಂದರೆ ಕಂಪೈಲರುಗಳು, ಇತರ ಭಾಷೆಗಳ ಗಣನಭಂಡಾರಗಳು, ಇವುಗಳನ್ನು ಬರೆಯುವ ಅಂಕಣವು ಮನುಷ್ಯರು ಓದುವುದಕ್ಕೆ ಬಿಡುಮಾತಿನಲ್ಲಿ ಬರೆದುದೇ ಹೊರತು ಯಂತ್ರವು ತಿಳಿದು ನಡೆಸುವಂತಹುದಲ್ಲ. ಅನೇಕರು ಎಡವುವುದು ಈ ಗಡಿಯಲ್ಲಿಯೇ. ಹೇಳಲ್ಪಟ್ಟ ಆಕಾಂಕ್ಷೆಯು ಪೂರೈಸುತ್ತದೆ. ಹೇಳಿಯೂ ಹೇಳದಂತಿರುವ ಆಕಾಂಕ್ಷೆಯು ಕಾಡುತ್ತದೆ.

ಇಲ್ಲಿ ಶಾಸ್ತ್ರಜ್ಞರು ಎರಡು ದೋಷಗಳನ್ನು ಒಡನೆಯೇ ಶಂಕಿಸುವರು. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಹೋಗುತ್ತಿದ್ದರೆ ಅನವಸ್ಥೆಯಾಗದೆ? ಎರಡು ಪ್ಯಾಕೇಜುಗಳು ಪರಸ್ಪರ ಬಯಸಿದರೆ ಅನ್ಯೋನ್ಯಾಶ್ರಯವಾಗದೆ? ಯಂತ್ರದಲ್ಲಿರುವ ಸಾಮಗ್ರಿಗಳು ಪರಿಮಿತವಾದುದರಿಂದ ನಿಜವಾದ ಅನವಸ್ಥೆಯು ಸಂಭವಿಸುವುದಿಲ್ಲ. ಆದರೆ ಬಳಸುವವನ ತಾಳ್ಮೆಯು ಅದಕ್ಕಿಂತಲೂ ಪರಿಮಿತವಾದುದು. ಅನ್ಯೋನ್ಯಾಶ್ರಯವಾದರೋ ವಾಸ್ತವವಾಗಿಯೇ ಬರುವುದುಂಟು. ಆಗ ಎರಡರಲ್ಲಿ ಒಂದನ್ನು ಮೊದಲು ಅಪೂರ್ಣವಾಗಿ ಕಟ್ಟಿ, ಅದರ ಬಲದಿಂದ ಎರಡನೆಯದನ್ನು ಕಟ್ಟಿ, ಬಳಿಕ ಮೊದಲನೆಯದನ್ನು ಪೂರ್ಣಗೊಳಿಸುವುದು ವಿತರಣಕಾರರ ಕ್ರಮ.

೫

ಯೋಗ್ಯತೆಯ ವಿಷಯವು ಇದಕ್ಕಿಂತ ಗಹನವಾದುದು. ಬೇಕಾದುದೆಲ್ಲವೂ ಇದೆ, ಆದರೆ ಒಂದಕ್ಕೊಂದು ಹೊಂದುವುದಿಲ್ಲ ಎಂಬ ಸ್ಥಿತಿ ಇಲ್ಲಿಯದು. ಮೂಲತಂತ್ರಾಂಶವು ಬೆಳೆಯುತ್ತ ಹೋದಂತೆ ಅದರ ಹಳೆಯ ರೂಪವನ್ನು ನಂಬಿ ಬರೆದ ಪ್ಯಾಕೇಜುಗಳು ನಿರಾಶ್ರಿತವಾಗುತ್ತವೆ.

ಗ್ಯಾಪಿನ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ. ೧೯೯೦ರ ದಶಕದ ಕೊನೆಯಲ್ಲಿ ಗ್ಯಾಪಿನ ನಾಲ್ಕನೆಯ ಆವೃತ್ತಿಯು ಬುಡದಿಂದ ಹೊಸದಾಗಿ ಬರೆಯಲ್ಪಟ್ಟಿತು. ಮೂರನೆಯ ಆವೃತ್ತಿಗೆ ಬರೆದ ಪ್ಯಾಕೇಜುಗಳಲ್ಲಿ ಕೆಲವನ್ನು ಅವುಗಳ ಕರ್ತೃಗಳು ಹೊಸ ಆವೃತ್ತಿಗೆ ಹೊಂದಿಸಿದರು. ಎಲ್ಲವನ್ನೂ ಹಾಗೆ ಮಾಡಲಾಗಲಿಲ್ಲ. ಷೆವಿ ಎಂಬುದು ಹೀಗೆ ಹಿಂದುಳಿದವುಗಳಲ್ಲಿ ಮುಖ್ಯವಾದುದು. ಕಾಕ್ಸ್‌ಟರ್ ಸಮುದಾಯಗಳು, ಹೆಕ್ಕೆ ಬೀಜಗಣಿತಗಳು ಎಂಬ ವಿಷಯಗಳಲ್ಲಿ ಬಹುಜನರ ಶ್ರಮದಿಂದ ಸಂಗ್ರಹವಾದ ಜ್ಞಾನವು ಅದರಲ್ಲಿದ್ದಿತು. ಆ ಜ್ಞಾನವನ್ನು ಉಳಿಸಿಕೊಳ್ಳುವುದಕ್ಕಾಗಿ ಫ್ರಾನ್ಸಿನ ಗಣಿತಜ್ಞರಾದ ಜಾನ್ ಮಿಶೆಲ್ ಅವರು ಮೂರನೆಯ ಆವೃತ್ತಿಯ ಗ್ಯಾಪನ್ನೇ ಪ್ರತ್ಯೇಕವಾಗಿ ವರ್ಷಗಳ ಕಾಲ ಪೋಷಿಸಿಕೊಂಡು ಬಂದು, ಕಡೆಗೆ ಆ ಕೃತಿಯನ್ನು ಜೂಲಿಯಾ ಎಂಬ ಬೇರೊಂದು ಗಣಕಭಾಷೆಗೆ ಪರಿವರ್ತಿಸಿದರು. ಹಳಗನ್ನಡದ ಒಂದು ಕೃತಿಗಾಗಿ ಹಳೆಯ ಲಿಪಿಯನ್ನು ಓದುವ ವಿದ್ಯೆಯನ್ನೇ ಕಾಪಾಡಿಕೊಂಡು ಬರುವುದಕ್ಕೆ ಇದು ಸಮಾನವಾದುದು.

ಪೈಥಾನ್ ಎಂಬ ಗಣಕಭಾಷೆಯ ಪ್ರಸಂಗವು ಇದಕ್ಕಿಂತ ವ್ಯಾಪಕವಾದುದು. ಅದರ ಮೂರನೆಯ ಆವೃತ್ತಿಯು ೨೦೦೮ರ ಡಿಸೆಂಬರಿನಲ್ಲಿ ಹೊರಬಂದಿತು. ಅದು ಎರಡನೆಯದರೊಡನೆ ಪೂರ್ಣವಾಗಿ ಹೊಂದುವಂತಹುದಲ್ಲವೆಂದು ಕರ್ತೃಗಳು ಮೊದಲೇ ತಿಳಿಸಿದ್ದರು. ಎರಡನೆಯದಕ್ಕೆ ೨೦೨೦ರ ಜನವರಿ ೧ರಂದು ಪೋಷಣೆ ನಿಂತಿತು. ಪೈಥಾನಿನಲ್ಲಿ ಕಟ್ಟಲ್ಪಟ್ಟ ಸೇಜ್ ತನ್ನ ಒಂಬತ್ತನೆಯ ಆವೃತ್ತಿಯನ್ನು ಅದೇ ದಿನ ಹೊರಡಿಸಿ ಪೈಥಾನ್ ೩ಕ್ಕೆ ದಾಟಿತು. ಅದಕ್ಕೆ ಹಿಂದೆ ಬರೆದ ಪೂರಕಪ್ಯಾಕೇಜುಗಳಲ್ಲಿ ತಿದ್ದಲ್ಪಡದೆ ಉಳಿದುವು ಆ ಬಳಿಕ ಅಳವಡದೆ ಹೋದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೈಥಾನ್ ೨ರಲ್ಲಿ ಪೂರ್ಣಾಂಕವಾದ ಏಳನ್ನು ಎರಡರಿಂದ ಭಾಗಿಸೆಂದರೆ ಉತ್ತರ ಮೂರು. ಪೈಥಾನ್ ೩ರಲ್ಲಿ ಮೂರೂವರೆ. ಆಜ್ಞೆಯ ಅಕ್ಷರಗಳಲ್ಲಿ ಭೇದವಿಲ್ಲ, ಅರ್ಥದಲ್ಲಿ ಭೇದವುಂಟು. ಹಳೆಯ ಪ್ಯಾಕೇಜೊಂದು ಹೊಸ ಆವೃತ್ತಿಯಲ್ಲಿ ತಡೆಯಿಲ್ಲದೆ ಅಳವಟ್ಟು, ಬೇರೆ ಉತ್ತರವನ್ನು ಕೊಟ್ಟಿದ್ದರೆ, ಬಳಸುವವನು ಅದನ್ನು ನಿಜವೆಂದೇ ನಂಬುತ್ತಿದ್ದನು. ಗಣಿತದಲ್ಲಿ ಉತ್ತರ ಬಾರದಿರುವುದು ಕಷ್ಟ. ತಪ್ಪು ಉತ್ತರ ಬಂದು ಅದು ಗೊತ್ತಾಗದಿರುವುದು ಅನರ್ಥ. ಹೀಗಿರುವಲ್ಲಿ, ಹೊಂದಿಕೆಯಿಲ್ಲವೆಂದು ಹೇಳಿ ನಿಲ್ಲುವ ದೋಷಸಂದೇಶವನ್ನು ಶತ್ರುವೆಂದು ಎಣಿಸುವುದು ಸರಿಯಲ್ಲ. ಆರ್ ತಂತ್ರಾಂಶವು ೨೦೧೩ರ ಮೂರನೆಯ ಆವೃತ್ತಿಯಲ್ಲಿಯೂ ೨೦೨೦ರ ನಾಲ್ಕನೆಯ ಆವೃತ್ತಿಯಲ್ಲಿಯೂ ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕೆಂದು ವಿಧಿಸಿದುದು ಬಳಸುವವರಿಗೆ ಬೇಸರವನ್ನು ತಂದರೂ, ಅದರ ಹಿಂದೆ ಇಂತಹ ಎಚ್ಚರಿಕೆಯೇ ಇದ್ದಿತು.

ಪ್ರತಿಯೊಂದು ಪ್ಯಾಕೇಜೂ ತನಗೆ ಇಂತಹ ಆವೃತ್ತಿಯೇ ಬೇಕು, ಇಂತಹುದು ಕೂಡದು ಎಂದು ನಿಯಮಿಸಿದಾಗ ಆ ನಿಯಮಗಳೆಲ್ಲವನ್ನೂ ಒಟ್ಟಿಗೆ ಪಾಲಿಸುವ ಒಂದು ಸಮೂಹವುಂಟೆ ಎಂಬುದೇ ಒಂದು ಪ್ರಶ್ನೆಯಾಗುತ್ತದೆ. ೨೦೦೦ರ ದಶಕದ ಮಧ್ಯಭಾಗದಲ್ಲಿ ಯೂರೋಪಿನ ವಿದ್ವಾಂಸರು ಈ ಪ್ರಶ್ನೆಯನ್ನು ಪರಿಶೀಲಿಸಿ, ಇದು ಗಣಕಶಾಸ್ತ್ರದಲ್ಲಿ 'ಎನ್.ಪಿ. ಪೂರ್ಣ'ವೆನಿಸುವ ಕಠಿನಪ್ರಶ್ನೆಗಳ ಗುಂಪಿಗೆ ಸೇರಿದುದೆಂದು ಸಿದ್ಧಪಡಿಸಿದರು. ಎಲ್ಲ ಸಂದರ್ಭಗಳಲ್ಲಿಯೂ ಶೀಘ್ರವಾಗಿ ಉತ್ತರವನ್ನು ಕೊಡುವ ಉಪಾಯವು ಇಂತಹ ಪ್ರಶ್ನೆಗಳಿಗೆ ಈವರೆಗೆ ಕಂಡುಬಂದಿಲ್ಲ. ಗಣಿತದ ಸಾಧನವನ್ನು ಅಳವಡಿಸುವುದೇ ಗಣಿತದ ಒಂದು ಕಠಿನಪ್ರಶ್ನೆಯೆಂದ ಮೇಲೆ, ಬಳಸುವವನ ಅಜ್ಞಾನವೇ ಕ್ಲೇಶಕ್ಕೆ ಕಾರಣವೆಂಬ ಮೊದಲನೆಯ ಪಕ್ಷವು ಇಲ್ಲಿಯೇ ಬಿದ್ದುಹೋಗುತ್ತದೆ.

೬

ಸನ್ನಿಧಿಯ ದೋಷವು ಮೂರರಲ್ಲಿ ಚಿಕ್ಕದು. ಆದರೆ ಆರಂಭದಲ್ಲಿರುವವರನ್ನು ಅತ್ಯಂತ ಹೆಚ್ಚಾಗಿ ನೋಯಿಸುವುದು. ಆಕ್ಟೇವಿನಲ್ಲಿ ಸಿಗ್ನಲ್ ಪ್ಯಾಕೇಜನ್ನು ಕಷ್ಟಪಟ್ಟು ಅಳವಡಿಸಿದವನು ಅದರ 'ಬಟರ್' ಎಂಬ ಆಜ್ಞೆಯನ್ನು ಕೊಟ್ಟಾಗ, ಅಂತಹ ಆಜ್ಞೆಯೇ ಇಲ್ಲವೆಂಬ ಉತ್ತರ ಬರುತ್ತದೆ. ಇದ್ದರೂ ಇಲ್ಲವೆನ್ನುವುದಕ್ಕೆ ಕಾರಣವೇನೆಂದರೆ, ಅಳವಡಿಸುವುದು ಬೇರೆ, ಪ್ರತಿಯೊಂದು ಸಲ ಕೆಲಸಕ್ಕೆ ಕುಳಿತಾಗಲೂ ಅದನ್ನು ಆವಾಹಿಸುವುದು ಬೇರೆ. 'ಪಿ.ಕೆ.ಜಿ. ಲೋಡ್ ಸಿಗ್ನಲ್' ಎಂದು ಹೇಳಿದ ಹೊರತು ಅದು ಸನ್ನಿಹಿತವಾಗುವುದಿಲ್ಲ. ಕಪಾಟಿನಲ್ಲಿರುವ ಗ್ರಂಥವು ವ್ಯಾಸಪೀಠದ ಮೇಲೆ ಬಾರದೆ ಓದಲ್ಪಡುವುದಿಲ್ಲವಷ್ಟೆ. ಬಳಸುವವರು ಪದೇಪದೇ ಎಡವುದನ್ನು ಕಂಡು, ಪ್ಯಾಕೇಜು ಅಳವಟ್ಟಿದೆ, ಆವಾಹಿತವಾಗಿಲ್ಲ, ಇಂತಹ ಆಜ್ಞೆಯನ್ನು ಕೊಡಿ ಎಂದು ವಿವರಿಸುವ ಸಂದೇಶವನ್ನು ಆಕ್ಟೇವಿನವರು ಆಮೇಲೆ ಸೇರಿಸಿದರು. ಕ್ಲೇಶವು ಕೈಗೆ ತಕ್ಕ ಮಾತನ್ನು ಪಡೆದರೆ ಎಷ್ಟು ಕಡಮೆಯಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಗ್ಯಾಪಿನಲ್ಲಿ ಪ್ಯಾಕೇಜನ್ನು ಕರೆದಾಗ ಅದು ಬಾರದಿದ್ದರೆ 'ಫೇಲ್' ಎಂಬ ಒಂದೇ ಪದವು ಉತ್ತರವಾಗಿ ಬರುತ್ತದೆ. ಬಹುವೇಳೆ ಆ ಪ್ಯಾಕೇಜಿನಲ್ಲಿ ಸಿ ಎಂಬ ಭಾಷೆಯ ಭಾಗವಿದ್ದು, ಅದನ್ನು ಆಯಾ ಯಂತ್ರದಲ್ಲಿಯೇ ಕಂಪೈಲರಿನಿಂದ ಕಟ್ಟಿಕೊಳ್ಳದೆ ಇರುವುದು ಇದಕ್ಕೆ ಕಾರಣವಾಗಿರುತ್ತದೆ. ಕಾರಣವನ್ನು ಬೇರೊಂದು ಆಜ್ಞೆಯಿಂದ ಕೇಳಿ ತಿಳಿಯಬಹುದು. ಆದರೆ ಆ ಆಜ್ಞೆಯಿರುವುದನ್ನು ಬಲ್ಲವನಿಗೆ ಮಾತ್ರ ಆ ಲಾಭ. ಸೇಜಿನಲ್ಲಿಯೂ ಇಂತಹ ಒಂದು ಭ್ರಮೆಯುಂಟು. ಸೇಜ್ ತನ್ನದೇ ಆದ ಪೈಥಾನನ್ನು ಒಳಗಿಟ್ಟುಕೊಂಡಿದ್ದಲ್ಲಿ, ಯಂತ್ರದ ಸಾಮಾನ್ಯ ಪೈಥಾನಿಗೆ ಅಳವಡಿಸಿದ ಪ್ಯಾಕೇಜು ಅದಕ್ಕೆ ಕಾಣುವುದಿಲ್ಲ. ಒಂದೇ ಹೆಸರಿನ ಇಬ್ಬರಿರುವ ಮನೆಯಲ್ಲಿ ಒಬ್ಬನಿಗೆ ಕೊಟ್ಟ ಓಲೆಯು ಇನ್ನೊಬ್ಬನಿಗೆ ತಲಪದಿರುವಂತೆ ಇದು ನಡೆಯುತ್ತದೆ.

೭

ಮೂರು ದೋಷಗಳನ್ನೂ ಒಮ್ಮೆಗೇ ನಿವಾರಿಸಬೇಕೆಂಬ ಮಹಾಪ್ರಯತ್ನವೊಂದು ಈ ಚರಿತ್ರೆಯಲ್ಲಿದೆ. ಅದು ಸೇಜಿನ ಪ್ರಯತ್ನ. ವಿಲಿಯಂ ಸ್ಟೈನ್ ಎಂಬ ಅಮೆರಿಕದ ಗಣಿತಜ್ಞರು ಇದರ ಮೊದಲನೆಯ ಆವೃತ್ತಿಯನ್ನು ೨೦೦೫ರ ಫೆಬ್ರವರಿಯಲ್ಲಿ ಹೊರಡಿಸಿದರು. ಗಾಲಿಯನ್ನು ಪುನಃ ಕಂಡುಹಿಡಿಯುವುದಕ್ಕಿಂತ ಇರುವ ಗಾಲಿಗಳಿಂದ ಬಂಡಿಯನ್ನು ಕಟ್ಟುವುದೇ ಲೇಸೆಂಬುದು ಇದರ ಧ್ಯೇಯ. ಅಂತೆಯೇ ಗ್ಯಾಪ್, ಮ್ಯಾಕ್ಸಿಮಾ, ಪಾರಿ, ಸಿಂಗ್ಯುಲರ್ ಮುಂತಾದ ಅನೇಕ ತಂತ್ರಾಂಶಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿ, ಪ್ರತಿಯೊಂದರ ಆವೃತ್ತಿಯನ್ನೂ ತಾವೇ ನಿಶ್ಚಯಿಸಿ, ಪರೀಕ್ಷಿಸಿ, ಬಳಸುವವರಿಗೆ ಕೊಡತೊಡಗಿದರು. ಆಕಾಂಕ್ಷೆಯೆಲ್ಲವೂ ಒಳಗೇ ಪೂರೈಸಿತು, ಯೋಗ್ಯತೆಯು ಪರೀಕ್ಷಿತವಾಯಿತು, ಸನ್ನಿಧಿಯು ಸಿದ್ಧವಾಯಿತು. ಆಶ್ರಯಿಸಬೇಕಾದುದನ್ನೆಲ್ಲ ಮನೆಯೊಳಗೇ ತಂದಿಟ್ಟುಕೊಳ್ಳುವುದು ಇದರ ತಂತ್ರ.

ಆದರೆ ಈ ಸರ್ವಸಂಗ್ರಹವು ತನ್ನ ಭಾರದಿಂದಲೇ ಬೇರೆ ಕ್ಲೇಶಗಳನ್ನು ಹುಟ್ಟಿಸಿತು. ಮೂಲಪಾಠದಿಂದ ಸೇಜನ್ನು ಕಟ್ಟುವುದಕ್ಕೆ ಗಂಟೆಗಟ್ಟಲೆ ಕಾಲ ಹಿಡಿಯುವುದು ಒಂದು. ಎಲ್ಲರಿಗೂ ಬೇಡದ ಪ್ಯಾಕೇಜುಗಳನ್ನು ಐಚ್ಛಿಕವೆಂದೂ, ಇನ್ನೂ ಪಕ್ವವಾಗದುವನ್ನು ಪ್ರಾಯೋಗಿಕವೆಂದೂ ಬೇರ್ಪಡಿಸಬೇಕಾಗಿ ಬಂದು, ಅವುಗಳ ಅಳವಡಿಕೆಯಲ್ಲಿ ಹಳೆಯ ಕಷ್ಟವೇ ಹಿಂಬಾಗಿಲಿನಿಂದ ಒಳಗೆ ಬಂದುದು ಇನ್ನೊಂದು. ವಿಂಡೋಸ್ ಯಂತ್ರಗಳಲ್ಲಿ ಸೇಜನ್ನು ನೆಲೆಗೊಳಿಸುವುದು ಬಹುಕಾಲ ದುಸ್ಸಾಧ್ಯವಾಗಿದ್ದುದು ಮತ್ತೊಂದು.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಡೆಬಿಯನ್ನಿನೊಡನೆ ನಡೆದ ವ್ಯವಹಾರ. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬ ವಿತರಣೆಯು ಪ್ರತಿಯೊಂದು ತಂತ್ರಾಂಶವನ್ನೂ ಬಿಡಿಬಿಡಿಯಾಗಿ ಕಟ್ಟಿ, ಒಂದರ ಒಂದೇ ಪ್ರತಿಯು ಎಲ್ಲಕ್ಕೂ ಉಪಯೋಗವಾಗಬೇಕೆಂಬ ನಿಯಮವುಳ್ಳುದು. ಸೇಜಿನ ನಿಯಮವು ಇದಕ್ಕೆ ವಿಪರೀತ. ಆದುದರಿಂದ ಸೇಜ್ ಒಮ್ಮೆ ಡೆಬಿಯನ್ನಿಗೆ ಸೇರಿದರೂ ಅಲ್ಲಿಯ ಪ್ರತಿಯು ಹಳತಾಗಿ ಹೊರಬಿದ್ದು, ಬಹು ವರ್ಷಗಳ ಬಳಿಕ, ೨೦೧೭ರ ಒಂಬತ್ತನೆಯ ಡೆಬಿಯನ್ ಆವೃತ್ತಿಯಲ್ಲಿ ಮರಳಿ ಸೇರಿತು. ಸುಮಾರು ೨೦೧೯ರಿಂದ ಸೇಜಿನವರೂ ತಮ್ಮ ನಿಯಮವನ್ನು ಸಡಿಲಿಸಿ, ಯಂತ್ರದಲ್ಲಿ ತಕ್ಕ ಆವೃತ್ತಿಯ ಸಾಮಗ್ರಿಯು ಮೊದಲೇ ಇದ್ದಲ್ಲಿ ಅದನ್ನೇ ಬಳಸಿಕೊಳ್ಳುವ ಮಾರ್ಗವನ್ನು ಹಂತಹಂತವಾಗಿ ಹಿಡಿದರು. ಹೀಗೆ ಮಾಡುವುದಕ್ಕೆ, ತಕ್ಕ ಆವೃತ್ತಿಯೆಂದರೆ ಯಾವುದು ಎಂಬುದನ್ನು ಪ್ರತಿಯೊಂದು ಸಾಮಗ್ರಿಗೂ ಬರೆದಿಡುವ ಕೆಲಸವು ಅವಶ್ಯವಾಯಿತು. ಎಲ್ಲವನ್ನೂ ಒಳಗಿಟ್ಟುಕೊಂಡಿದ್ದಾಗ ಬರೆಯದೆ ನಡೆದಿದ್ದ ಮಾತನ್ನು ಬಾಗಿಲು ತೆರೆದಾಗ ಬರೆಯಬೇಕಾಯಿತು.

೮

ಈ ವೃತ್ತಾಂತಗಳಿಂದ ನಿಷ್ಪನ್ನವಾಗುವ ಸಿದ್ಧಾಂತವು ಇಷ್ಟು. ಪ್ಯಾಕೇಜೊಂದು ಹುಟ್ಟಿದ ಎಡೆಯಲ್ಲಿ ಹೇಳಬೇಕಾಗಿಲ್ಲದ ಸಂಗತಿಗಳು ಅನೇಕವಿರುತ್ತವೆ; ಅದು ಬೇರೆ ಎಡೆಗೆ ಹೋದಾಗ ಆ ಅನುಕ್ತಸಂಗತಿಗಳೇ ತೊಡಕುಗಳಾಗುತ್ತವೆ. ಸ್ಥಾಪನಕ್ಲೇಶವೆಂಬುದು ಅನುಕ್ತವಾದ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳ ಫಲ. ಈ ಐವತ್ತುಚಿಲ್ಲರೆ ವರ್ಷಗಳ ಚರಿತ್ರೆಯು ಆ ಅನುಕ್ತವನ್ನು ಒಂದೊಂದಾಗಿ ಉಕ್ತಮಾಡುತ್ತ ಬಂದ ಚರಿತ್ರೆ. ಆರ್ ತಂತ್ರಾಂಶದ ವಿವರಣಪತ್ರ, ಗ್ಯಾಪಿನ ಪ್ಯಾಕೇಜು ಮಾಹಿತಿಪತ್ರ, ಡೆಬಿಯನ್ನಿನ ಅವಲಂಬನಪಟ್ಟಿ, ಇವೆಲ್ಲವೂ ಈ ಪ್ರಯತ್ನದ ಮೆಟ್ಟಿಲುಗಳು.

ಎರಡನೆಯ ಪೂರ್ವಪಕ್ಷಕ್ಕೆ ಈಗ ಸಮಾಧಾನವನ್ನು ಹೇಳಬಹುದು. ಒಡೆಯನುಳ್ಳ ತಂತ್ರಾಂಶದಲ್ಲಿ ಒಬ್ಬನೇ ಎಲ್ಲವನ್ನೂ ಕಟ್ಟಿ ಕೊಡುವುದರಿಂದ ಈ ಕ್ಲೇಶವು ಬಹುಮಟ್ಟಿಗೆ ಕಡಮೆಯೆಂಬುದು ಸತ್ಯ, ಅದನ್ನು ನಿರಾಕರಿಸಬೇಕಾಗಿಲ್ಲ. ಆದರೆ ಒಡೆಯನಿರುವವರೆಗೆ ಮಾತ್ರ ಆ ಸೌಖ್ಯ. ಮ್ಯಾಕ್‌ಸಿಮಾದ ಎರಡು ಶಾಖೆಗಳೇ ಇದಕ್ಕೆ ಪ್ರಮಾಣ. ೧೯೮೨ರಲ್ಲಿ ಅದರ ಒಂದು ಶಾಖೆಯು ವಾಣಿಜ್ಯಸಂಸ್ಥೆಯ ವಶಕ್ಕೆ ಹೋಯಿತು. ಕೈಯಿಂದ ಕೈಗೆ ದಾಟಿ, ೧೯೯೯ರ ಬಳಿಕ ಅದರ ಬೆಳವಣಿಗೆ ನಿಂತುಹೋಯಿತು. ಇನ್ನೊಂದು ಪ್ರತಿಯು ಅಮೆರಿಕದ ಇಂಧನ ಇಲಾಖೆಯ ಮೂಲಕ ಟೆಕ್ಸಾಸಿನ ವಿಲಿಯಂ ಷೆಲ್ಟರ್ ಅವರ ಪೋಷಣೆಯಲ್ಲಿ ಬೆಳೆಯಿತು. ಅವರು ೧೯೯೮ರಲ್ಲಿ ಇಲಾಖೆಯ ಅನುಮತಿಯನ್ನು ಪಡೆದು ಅದನ್ನು ಮುಕ್ತಗೊಳಿಸಿದರು, ೨೦೦೧ರಲ್ಲಿ ತೀರಿಕೊಂಡರು. ಆ ಮೂರು ವರ್ಷಗಳ ಅಂತರದಲ್ಲಿ ಒಂದು ಅನುಮತಿಪತ್ರವು ದೊರೆಯದೆ ಹೋಗಿದ್ದರೆ, ಮೂವತ್ತು ವರ್ಷಗಳ ವಿದ್ವತ್‌ಶ್ರಮವು ಅವರೊಡನೆಯೇ ಅಡಗಿಹೋಗುವ ಭಯವಿದ್ದಿತು. ಅದು ದೊರೆತುದರಿಂದ ಇತರರು ಆ ಕಾರ್ಯವನ್ನು ಕೈಗೊಂಡರು. ಮ್ಯಾಕ್ಸಿಮಾ ಇಂದಿಗೂ ಜೀವಂತವಾಗಿದೆ. ಮುಕ್ತತಂತ್ರಾಂಶದಲ್ಲಿ ಕ್ಲೇಶವುಂಟು, ಆದರೆ ಕ್ಲೇಶದ ಮೂಲವನ್ನು ಯಾರಾದರೂ ಓದಿ ತಿದ್ದಬಹುದು. ಇನ್ನೊಂದರಲ್ಲಿ ಕ್ಲೇಶವು ಕಡಮೆ, ಬಂದರೆ ಕೈಗೆಟುಕದು.

ಹಾಗೆಂದು ಹೊಣೆಗಾರಿಕೆಯ ಪ್ರಶ್ನೆಯು ನಿರಾಧಾರವೆನ್ನಲಾಗದು. ಪ್ಯಾಕೇಜುಗಳಲ್ಲಿ ಬಹುಭಾಗವು ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಬಿಡುವಿನಲ್ಲಿ ಬರೆದು, ಬಿಡುವಿನಲ್ಲಿಯೇ ಪೋಷಿಸತಕ್ಕವು. ಕರ್ತೃವು ಉತ್ತರವನ್ನು ಕೊಡದೆ, ದೋಷಗಳು ತಿದ್ದಲ್ಪಡದೆ ಉಳಿದ ಪ್ಯಾಕೇಜನ್ನು ಕ್ರಾನ್ ಭಂಡಾರದವರು ಪ್ರಚಾರದಿಂದ ತೆಗೆದು ಹಳೆಯ ಸಂಗ್ರಹಕ್ಕೆ ಸೇರಿಸುತ್ತಾರೆ. ಗ್ಯಾಪಿನವರು ಪತ್ರಿಕೆಗಳಲ್ಲಿ ಪ್ರಬಂಧಗಳನ್ನು ಪರಿಶೀಲಿಸುವಂತೆ ಪ್ಯಾಕೇಜುಗಳನ್ನೂ ಪರಿಶೀಲಿಸಿ ಅಂಗೀಕರಿಸುವ ಪದ್ಧತಿಯನ್ನು ಇಟ್ಟುಕೊಂಡುದು, ಈ ಶ್ರಮವೂ ವಿದ್ವತ್ಕಾರ್ಯವೆಂದು ಗಣ್ಯವಾಗಬೇಕೆಂಬ ಉದ್ದೇಶದಿಂದಲೇ. ವ್ಯಾಖ್ಯಾನವನ್ನು ಬರೆದವನಿಗೆ ಸಲ್ಲುವ ಗೌರವವು ಪ್ರತಿಯನ್ನು ಶುದ್ಧಗೊಳಿಸಿ ಉಳಿಸಿದವನಿಗೂ ಸಲ್ಲಬೇಕೆಂಬುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ಒಪ್ಪದಿರಲಾರರು.

ಪ್ರಯೋಜನವನ್ನು ಹೇಳಿ ಈ ವಿಚಾರವನ್ನು ಮುಗಿಸಬಹುದು. ಗ್ರಂಥಸಂಪಾದಕನು ತಾನು ಯಾವ ಯಾವ ಓಲೆಯ ಪ್ರತಿಗಳನ್ನು ನೋಡಿದೆನೆಂಬುದನ್ನು ಪೀಠಿಕೆಯಲ್ಲಿ ಬರೆಯದಿದ್ದರೆ ಅವನ ಪಾಠವನ್ನು ಯಾರೂ ಪರೀಕ್ಷಿಸಲಾರರು. ಗಣಕಯಂತ್ರದಿಂದ ಗಣಿತವನ್ನು ಮಾಡಿದವನೂ ಹಾಗೆಯೇ ಮೂಲತಂತ್ರಾಂಶದ ಆವೃತ್ತಿ, ಪ್ಯಾಕೇಜುಗಳ ಹೆಸರು ಮತ್ತು ಆವೃತ್ತಿ, ಯಂತ್ರದ ವಿತರಣೆ, ಇವಿಷ್ಟನ್ನು ತನ್ನ ಉತ್ತರದೊಡನೆ ಬರೆದಿಡಬೇಕು. ಕಲಿಸುವವರು ವಿದ್ಯಾರ್ಥಿಗೆ ಮೊದಲನೆಯ ದಿನವೇ ಇದನ್ನು ಅಭ್ಯಾಸಮಾಡಿಸಿದರೆ, ಅಳವಡಿಕೆಯು ತಪ್ಪಿದಾಗ ಅವನು ತನ್ನನ್ನು ಹಳಿದುಕೊಳ್ಳದೆ, ಬೇಕಾದುದು ಇದೆಯೆ, ಹೊಂದುವುದೆ, ಎದುರಿಗಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುವನು. ಬಹುವೇಳೆ ಮೂರನೆಯ ಪ್ರಶ್ನೆಗೆ ಬರುವುದರೊಳಗೆ ಉತ್ತರವು ದೊರೆಯುತ್ತದೆ. ದೊರೆತ ಉತ್ತರವನ್ನು ಅವನು ಮುಂದಿನವನಿಗಾಗಿ ಬರೆದಿಟ್ಟರೆ ಇನ್ನೊಂದು ಅನುಕ್ತವು ಉಕ್ತವಾದಂತಾಯಿತು.